ಜೋಡಿಯಲ್ಲದ ಕಪ್ಪು

ಆ ಟೀ ರೂಮಿನ ಮರದ ಮೆಟ್ಟಿಲು ಹತ್ತುವಷ್ಟರಲ್ಲೇ ಸೂಜಿಯ ಅರ್ಧ ಧೈರ್ಯ ಉಡುಗಿಹೋಗಿತ್ತು. ಸೂಜಿ ಎನ್ನುವುದು ಬೈಂಡಿಂಗ್ ಕಾರ್ಖಾನೆಯವರು ಇಟ್ಟ ಹೆಸರು. ಪುಸ್ತಕ ಹೊಲಿಯುವ ಕೆಲಸ ಬಿಟ್ಟು ಆರು ವರ್ಷವಾದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ, ಯಾಕೆಂದರೆ ನಾಲಿಗೆ ಇನ್ನೂ ಅಷ್ಟೇ ಚೂಪಾಗಿತ್ತು. ಅವಳ ಹಿಂದೆ ಮೆಟ್ಟಿಲು ಹತ್ತುತ್ತಿದ್ದವಳು ಅತ್ತಿಗೆ, ತೀರಿಕೊಂಡ ಅಣ್ಣನ ಹೆಂಡತಿ. ಬರುವ ಸೋಮವಾರ ಅತ್ತಿಗೆ ಈ ಊರನ್ನೇ ಬಿಟ್ಟು ತನ್ನ ಅಕ್ಕನ ಮನೆಗೆ ಹೊರಟಿದ್ದಳು. ರೈಲಿನಲ್ಲಿ ಎರಡು ದಿನದ ದಾರಿ. ಹೋಗಬೇಡ, ನನ್ನ ಜೊತೆಗೇ ಇದ್ದುಬಿಡು ಎಂದು ಕೇಳುವುದಕ್ಕೇ ಸೂಜಿ ಅವಳನ್ನು ಇಲ್ಲಿಗೆ ಕರೆತಂದಿದ್ದಳು.

ಒಳಗೆ ಹೋಗಿ ನೋಡಿದರೆ, ಅಬ್ಬಬ್ಬಾ! ಕಟ್ಟಿಸಿದವರಿಗೆ ತಲೆ ನೆಟ್ಟಗಿತ್ತೋ ಇಲ್ಲವೋ. ಚಾವಣಿಯಿಂದ ಟೀ ಕೆಟಲುಗಳು ನೇತಾಡುತ್ತಿದ್ದವು, ಒಂದೊಂದರ ಹೊಟ್ಟೆಯೊಳಗೂ ಒಂದೊಂದು ಬಲ್ಬು. ಕೂರಲು ಒಂದು ಕಡೆ ಕ್ಷೌರದಂಗಡಿಯ ಕುರ್ಚಿ, ಇನ್ನೊಂದು ಕಡೆ ಶಾಲೆಯ ಬೆಂಚು, ಕಿಟಕಿಯ ಬಳಿ ಹಳೇ ಚಿತ್ರಮಂದಿರದ ಎರಡು ಸೀಟು. ಟೋಪಿಗೆ ಕಾಗದದ ಹಕ್ಕಿ ಸಿಕ್ಕಿಸಿಕೊಂಡಿದ್ದ ಯಜಮಾನಿ ಇವರನ್ನು ಆ ಸೀಟಿಗೇ ಕರೆದೊಯ್ದು ಕೂರಿಸಿದಳು. ಕೂತ ಕೂಡಲೇ ಸೀಟು ಕಿರ್ ಎಂದಿತು.

"ಸಿನಿಮಾ ಶುರು ಆಗೋದು ಯಾವಾಗ?" ಎಂದಳು ಸೂಜಿ.

ಅತ್ತಿಗೆ ನಕ್ಕಳು. ಆದರೆ ತುಟಿಯಲ್ಲಿ ಮಾತ್ರ, ಹೊಸ ನೆಂಟರ ಮನೆಯಲ್ಲಿ ನಗುವ ಹಾಗೆ.

ಇದೇ ಅತ್ತಿಗೆ ಒಂದು ಕಾಲದಲ್ಲಿ ಹೇಗೆ ನಗುತ್ತಿದ್ದಳು! ಕಾರ್ಖಾನೆಯಲ್ಲಿ ಇವಳಿಗೆ ಸೂಜಿ, ಅವಳಿಗೆ ದಾರ ಎಂದೇ ಹೆಸರು. ಒಂದೇ ಬೆಂಚು, ಎದುರು ಬದುರು. ಮಧ್ಯಾಹ್ನ ನಾಲ್ಕಕ್ಕೆ ಗಂಟೆ ಹೊಡೆದರೆ ಸರಿ, ಕಾಗದದ ಬಂಡಲುಗಳ ಹಿಂದೆ ಇಬ್ಬರೂ ಕಾಲು ಚಾಚಿ ಕೂತು ಒಂದೇ ಫ್ಲಾಸ್ಕಿನ ಟೀ ಕುಡಿಯಬೇಕು. ಬೆರಳಿಗೆಲ್ಲ ಅಂಟು, ಟೀಗೂ ಅಂಟಿನ ವಾಸನೆ. ಮೇಸ್ತ್ರಿಯ ನಡಿಗೆಯನ್ನು ದಾರ ಅಣಕಿಸಿದಾಗ ಸೂಜಿಯ ಮೂಗಿನಿಂದ ಟೀ ಹೊರಬಂದದ್ದೂ ಉಂಟು. ಏನೇ, ಹೋಗೇ, ಬಾರೇ ಎನ್ನದೆ ಒಂದು ಮಾತೂ ಇರುತ್ತಿರಲಿಲ್ಲ. ಅಂಥ ಗೆಳತಿಯನ್ನು ಅಣ್ಣ ಮೆಚ್ಚಿದಾಗ ಸೂಜಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಣ್ಣ ಅವಳನ್ನು ಮೊದಲ ಸಲ ಮನೆಗೆ ಕರೆತಂದ, ಆಮೇಲೆ ಮದುವೆಯೂ ಆಯಿತು. ಆದರೆ ಮನೆಗೆ ಬಂದು ಹೋದ ಮಾರನೇ ದಿನದಿಂದಲೇ ದಾರ ಸೂಜಿಗೆ ‘ನೀವು’ ಎನ್ನತೊಡಗಿದಳು. ಮೂವತ್ತೊಂದು ವರ್ಷ ಅದೇ ‘ನೀವು’. ಜಗಳವಿಲ್ಲ, ಕೊಂಕಿಲ್ಲ, ಕಾಯಿಲೆ ಬಿದ್ದರೆ ಮೊದಲು ಓಡಿ ಬರುವವಳೂ ಅವಳೇ. ಆದರೆ ಬಂದವಳು ಒಂದು ಗುಟುಕು ಟೀ ಮಾತ್ರ ಮುಟ್ಟುತ್ತಿರಲಿಲ್ಲ. ಅತ್ತಿಗೆ ಅನ್ನಿಸಿಕೊಂಡ ಮೇಲೆ ಕೊಂಬು ಬಂದಿದೆ ಎಂದುಕೊಂಡು ಸೂಜಿಯೂ ಬಿಗಿದುಕೊಂಡೇ ಇದ್ದಳು. ಸುಳ್ಳೇಕೆ ಹೇಳಬೇಕು, ಬಿಗಿದುಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈಗ ಅಣ್ಣನೂ ಹೋದಮೇಲೆ ಆ ಬಿಗುಮಾನ ಯಾರಿಗೆ ಬೇಕಾಗಿತ್ತು?

"ಅತ್ತಿಗೆ, ನಮ್ಮನೆ ಮಹಡಿ ಖಾಲಿ ಬಿದ್ದಿದೆ. ನೀವು ಅಷ್ಟು ದೂರ ಹೋಗೋದು ನಂಗೆ ಇಷ್ಟ ಇಲ್ಲ. ಇಲ್ಲೇ ಇದ್ದುಬಿಡಿ" ಎಂದಳು. ವಾರದಿಂದ ಕನ್ನಡಿಯೆದುರು ಉರುಹೊಡೆದಿದ್ದ ಮಾತು ಒಂದೇ ಉಸಿರಿಗೆ ಮುಗಿದುಹೋಯಿತು.

"ನಿಮಗ್ಯಾಕೆ ತೊಂದರೆ? ಅಕ್ಕ ಎಲ್ಲಾ ಏರ್ಪಾಡು ಮಾಡಿಬಿಟ್ಟಿದ್ದಾಳೆ" ಎಂದಳು ಅತ್ತಿಗೆ, ಕಿಟಕಿಯ ಕಡೆ ನೋಡುತ್ತ.

ಅಷ್ಟೇ. ಇನ್ನೊಂದು ಸಲ ಕೇಳಿದರೆ ಅಲ್ಲೇ ಅತ್ತುಬಿಡುತ್ತೇನೇನೋ ಎಂದು ಸೂಜಿಗೆ ಅನ್ನಿಸಿತು. ಅಷ್ಟರಲ್ಲಿ ಯಜಮಾನಿ ಮೂರಂತಸ್ತಿನ ತಟ್ಟೆಯಲ್ಲಿ ಬೆರಳುದ್ದದ ಸ್ಯಾಂಡ್‌ವಿಚ್ಚು, ಕೇಕು ತಂದಿಟ್ಟು ಟೀ ಜೋಡಿಸಿದಳು. ಹಸಿರು ಎಲೆಯ ಚಿತ್ರದ ಕಪ್ಪು ನೀಲಿ ಗೆರೆಯ ಸಾಸರಿನ ಮೇಲೆ ಕೂತಿತ್ತು, ಗುಲಾಬಿ ಕಪ್ಪು ಚೌಕದ ಸಾಸರಿನ ಮೇಲೆ. ಪುಸ್ತಕದ ಎರಡು ರಟ್ಟು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಹಿಸದ ಕಣ್ಣು ಸೂಜಿಯದು. ಅಳುವ ಬದಲು ಅವಳು ಅದರ ಮೇಲೆ ಹರಿಹಾಯ್ದಳು.

"ಅಯ್ಯೋ, ಕಪ್ಪು! ಜೋಡಿ ಸರಿಯಾಗಿಲ್ಲ. ಜನ ನೋಡಿದ್ರೆ ನಗ್ತಾರೆ!"

"ನಮ್ಮಲ್ಲಿ ಯಾವುದಕ್ಕೂ ಜೋಡಿ ಇಲ್ಲ ಮೇಡಂ, ಅದೇ ನಮ್ಮ ಸ್ಪೆಷಲ್ಲು" ಎಂದು ಯಜಮಾನಿ ನಗುತ್ತ ಹೋದಳು.

ಅತ್ತಿಗೆ ಮಾತ್ರ ನಗಲಿಲ್ಲ. ಸೂಜಿಯ ಕಡೆ ತಿರುಗಿದಳು.

"ಈಗೇನಂದ್ರಿ? ಇನ್ನೊಂದ್ಸಲ ಹೇಳಿ."

"ಕಪ್ಪು ಜೋಡಿ ಸರಿಯಾಗಿಲ್ಲ ಅಂದೆ. ಯಾಕೆ?"

"ಅವತ್ತೂ ಇದನ್ನೇ ಅಂದಿದ್ರಿ. ನಾನು ಮೊದಲನೇ ಸಲ ನಿಮ್ಮನೆಗೆ ಬಂದ ದಿನ. ನಾನು ಹೊರಗೆ ಕೂತಿದ್ದೆ. ನೀವು ಅಡುಗೆಮನೇಲಿ, ‘ಅಮ್ಮಾ, ಕಪ್ಪು, ಜೋಡಿ ಸರಿಯಾಗಿಲ್ಲ, ಜನ ನೋಡಿದ್ರೆ ನಗ್ತಾರೆ’ ಅಂದ್ರಿ. ನಿಮ್ಮಮ್ಮ, ‘ಇರಲಿ ಬಿಡೇ, ಈಗೇನು ಮಾಡೋಕಾಗುತ್ತೆ’ ಅಂದ್ರು."

ಸೂಜಿಗೆ ಮೊದಲು ಏನೂ ಹೊಳೆಯಲಿಲ್ಲ. ಪಕ್ಕದಲ್ಲಿ ಕೂತವಳ ಮಿರುಗುವ ಕಪ್ಪು ಕೈಯನ್ನು ಮೇಜಿನ ಮೇಲೆ ಕಂಡಾಗ, ಹಾಲುಬಣ್ಣದ ಅಣ್ಣನ ನೆನಪಾಗಿ ಅರ್ಥವಾಯಿತು.

"ಅಯ್ಯೋ ದೇವರೇ! ಟೀ ಕಪ್ಪು! ಟೀ ಕುಡಿಯೋ ಕಪ್ಪು! ಮನೇಲಿ ಇದ್ದದ್ದೇ ನಾಲ್ಕು, ಒಂದಕ್ಕೂ ಅದರ ಸಾಸರ್ ಇರಲಿಲ್ಲ. ನೀನು ಬರ್ತೀಯ ಅಂತ ಬೆಳಗಿಂದ ಪಕ್ಕದ ಮನೆ, ಎದುರು ಮನೆ ಎಲ್ಲಾ ತಿರುಗಿದ್ದೆ ಕಣೇ, ಒಂದು ಒಳ್ಳೇ ಜೋಡಿ ಸಿಗಲಿಲ್ಲ!"

ಅತ್ತಿಗೆ ಗುಲಾಬಿ ಕಪ್ಪನ್ನು ಎತ್ತಿ ಅದರ ಚೌಕದ ಸಾಸರನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಿಮ್ಮನೆ ಆಲ್ಬಂ ತೆಗೆದು ನೋಡಿ. ಎಲ್ಲೂ ನಾನು ನಿಮ್ಮಣ್ಣನ ಪಕ್ಕ ನಿಂತಿಲ್ಲ. ಯಾವಾಗಲೂ ಕ್ಯಾಮೆರಾ ನಾನೇ ಹಿಡ್ಕೋತಿದ್ದೆ."

ಅತ್ತಿಗೆಗೆ ಫೋಟೋ ತೆಗೆಯುವ ಹುಚ್ಚು ಎಂದು ಊರೆಲ್ಲ ಹೇಳಿಕೊಂಡು ನಕ್ಕವಳು ಇದೇ ಸೂಜಿ. ಅಣ್ಣ ಪ್ರತಿಸಲವೂ ಬಾರೇ, ಪಕ್ಕ ನಿಂತುಕೋ ಎಂದು ಕರೆಯುತ್ತಿದ್ದ. ಅವನಿಗೆ ಕಾರಣ ಗೊತ್ತಾಗಲೇ ಇಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಸೂಜಿಗೆ ದುಃಖ ಒತ್ತರಿಸಿ ಬಂತು. ದುಃಖ ಬಂದರೆ ಸಿಟ್ಟಾಗುವುದು ಅವಳ ಹುಟ್ಟುಗುಣ.

"ಬಾಯಿಗೇನು ಬೀಗ ಹಾಕಿತ್ತಾ? ಮಾರನೇ ದಿನ ಬೆಂಚಲ್ಲಿ ಎದುರಿಗೇ ಕೂತಿದ್ನಲ್ಲೇ! ಏನೇ ಹಂಗಂದೆ ಅಂತ ಒಂದು ಮಾತು ಕೇಳಬಾರದಿತ್ತಾ?"

"ಕೇಳಿ, ನೀನು ಹೌದು ಅಂದುಬಿಟ್ಟಿದ್ರೆ?" ಎಂದಳು ಅತ್ತಿಗೆ. "ನಂಗೆ ಇದ್ದದ್ದೇ ಒಬ್ಬಳು ಗೆಳತಿ ಕಣೇ."

ಸೂಜಿಯಂಥ ಸೂಜಿಯೂ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅತ್ತಿಗೆಯೂ ಅತ್ತಳು. ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಮುದುಕಪ್ಪ ಪಾಪ, ಎತ್ತ ನೋಡುವುದೆಂದು ತಿಳಿಯದೆ ತನ್ನ ಕೇಕನ್ನೇ ನೋಡುತ್ತ ಕೂತ. ಟೀ ತಣ್ಣಗಾಯಿತು, ಯಜಮಾನಿ ಕೇಳದೆಯೇ ಬಿಸಿಯದನ್ನು ತಂದಿಟ್ಟು ಹೋದಳು.

"ನಿಮ್ಮನೆ ಮಹಡಿ ಮೆಟ್ಟಿಲು ಅಗಲ ಇದೆಯೇನೇ? ನನ್ನ ಬೀರು ಹತ್ತಬೇಕು" ಎಂದಳು ಅತ್ತಿಗೆ ಮೂಗೊರೆಸಿಕೊಂಡು.

"ಹತ್ತದಿದ್ರೆ ಗೋಡೆ ಒಡೆಸ್ತೀನಿ."

ಅತ್ತಿಗೆ ಚೀಲದಿಂದ ಫೋನು ತೆಗೆದು ತನ್ನ ಅಕ್ಕನಿಗೆ ಹಚ್ಚಿದಳು. ಬರುವುದಿಲ್ಲ ಎಂದದ್ದಕ್ಕೆ ಅತ್ತ ಕಡೆಯಿಂದ ಏರುದನಿಯಲ್ಲಿ ಪ್ರಶ್ನೆಗಳು ಸುರಿದವು. ಏನಾಯಿತು, ನಾದಿನಿ ಜೊತೆ ಜಗಳ ಗಿಗಳ ಆಯಿತೇ ಎಂದು ಕೇಳಿದ್ದು ಸೂಜಿಗೂ ಕೇಳಿಸಿತು.

"ಜಗಳಾನಾ? ಇಲ್ಲ ಅಕ್ಕ, ಮೂವತ್ತೊಂದು ವರ್ಷ ಒಂದು ದಿನಾನೂ ಆಡಲಿಲ್ಲ" ಎಂದಳು ಅತ್ತಿಗೆ. "ಅಲ್ಲೇ ಕೆಟ್ಟಿದ್ದು. ಇನ್ಮೇಲೆ ದಿನಾ ಆಡ್ತೀವಿ."