ವೆಂಡೆಲ್‌ನ ಹಿಚ್ಚು

ನಮ್ಮ ಮೊಂಟಾನಾದ ಈ ಕಣಿವೆಯಲ್ಲಿ ಯಾರಾದರೂ ತೀರಿಕೊಂಡರೆ ಬಟ್ಟೆಬರೆ ಚರ್ಚಿಗೆ ಹೋಗುತ್ತದೆ, ಕಬ್ಬಿಣದ ಸಾಮಾನು ಒಡಹುಟ್ಟಿದವರ ಕೊಟ್ಟಿಗೆ ಸೇರುತ್ತದೆ. ಅದು ಅವರ ಗಾಡಿಗೆ ಹೊಂದುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಸತ್ತವರಿಗೆ ಅವಮಾನವಂತೆ. ಹೀಗೆ ವೆಂಡೆಲ್‌ನ ಹಿಚ್ಚು ಅವನ ತಮ್ಮ ಹಾಲ್ವರ್‌ನ ಪಿಕಪ್ಪಿನ ಹಿಂದೆ ಬಂದು ಕೂತಿತು. ಹಿಚ್ಚು ಅಂದರೆ ಗಾಡಿಯ ಹಿಂದೆ ಟ್ರೇಲರ್ ಕಟ್ಟುವ ಕೊಂಡಿ; ಒಂದು ಸಲಾಕೆ, ಅದರ ತುದಿಗೆ ಒಂದು ಗುಂಡು, ಅಷ್ಟೇ.

ಹೋದ ವರ್ಷ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಮುಗಿಸಿ ಬರುವಾಗ ಅದೇ ಹಿಚ್ಚಿಗೆ ಕಟ್ಟಿದ್ದ, ಸಣ್ಣ ಮನೆಯಂಥ ಕ್ಯಾಂಪರ್ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಬೀಸತೊಡಗಿ, ಪಿಕಪ್ಪನ್ನೂ ಎಳೆದುಕೊಂಡು ಮಗುಚಿತ್ತು. ವೆಂಡೆಲ್ ಉಳಿಯಲಿಲ್ಲ. ಗಾಳಿ ಕೊಂದಿತು ಎಂದರು ಎಲ್ಲರೂ. ಗಾಳಿಯ ಮೇಲೆ ಹಾಕಿದರೆ ಅದೇನು ವಾಪಸ್ ಬಂದು ಜಗಳವಾಡುತ್ತದೆಯೇ?

ಈ ಜೂನ್‌ನಲ್ಲಿ ಹಾಲ್ವರ್ ತನ್ನ ಚಿಕ್ಕ ಕ್ಯಾಂಪರ್ ಕಟ್ಟಿಕೊಂಡು, ಹೆಂಡತಿ ಬರ್ನಡೀನ್ ಮತ್ತು ಮೊಮ್ಮಗಳ ಜೊತೆ ಸರೋವರಕ್ಕೆ ಹೊರಟ. ನಾನು ಪಕ್ಕದ ಮನೆಯವಳು, ಬೇಲಿಯ ಹತ್ತಿರವೇ ಇದ್ದೆ. ವೆಂಡೆಲ್‌ನ ಹೆಂಡತಿ ಕಾರ್ಲಿಸ್ ಬಂದವಳೇ ತನ್ನ ಕಾರನ್ನು ಅವನ ದಾರಿಗೆ ಅಡ್ಡ ನಿಲ್ಲಿಸಿದಳು.

"ಕಾರ್ ತೆಗಿ ಕಾರ್ಲಿಸ್, ಹೊತ್ತಾಗ್ತಿದೆ," ಅಂದ ಹಾಲ್ವರ್.

"ನೀನು ಆ ಹಿಚ್ಚು ತೆಗಿ. ಆಮೇಲೆ ನಾನು ಕಾರ್ ತೆಗೀತೀನಿ."

"ಅದು ನನ್ನ ಅಣ್ಣಂದು."

"ನನ್ನ ಗಂಡಂದೂ ಹೌದು. ಅದಕ್ಕೇ ಹೇಳ್ತಿರೋದು."

"ಹುಟ್ಟಿದಾಗಿಂದ ದನದ ಟ್ರೇಲರ್ ಎಳೆದೋನು ನಾನು. ಈ ಬೆಂಕಿಪೊಟ್ಟಣಕ್ಕೆ ಹೆದರ್ತೀನಾ?"

"ದನದ ಟ್ರೇಲರ್‌ಗೆ ಪಕ್ಕದಲ್ಲೆಲ್ಲ ಸಂದಿ ಇರುತ್ತೆ, ಗಾಳಿ ತೂರ್ಕೊಂಡು ಹೋಗುತ್ತೆ. ಇದು ಗೋಡೆ ಕಣಪ್ಪ. ಗೋಡೆ ಎಳ್ಕೊಂಡು ಹೋಗ್ತಿದೀಯ."

ಅವಳು ಟೇಪು ತಂದಿದ್ದಳು. ಪಿಕಪ್ಪಿನ ಮುಂದಿನ ಚಕ್ರದ ಕಮಾನು ನೆಲದಿಂದ ಎಷ್ಟು ಎತ್ತರವಿದೆ ಎಂದು ಅಳೆದಳು. ಕ್ಯಾಂಪರ್ ಕಳಚಿಸಿ ಮತ್ತೆ ಅಳೆದಳು. ಹಾಲ್ವರ್ ಗೊಣಗುತ್ತಲೇ ಬಗ್ಗಿ ನೋಡಿದ.

"ಕಟ್ಟಿದಾಗ ಮುಂದ್ಗಡೆ ಮೂರು ಬೆರಳು ಮೇಲೆದ್ದಿತ್ತು, ನೋಡಿದ್ಯಾ? ಭಾರ ಎಲ್ಲ ಹಿಂದೆ ಕೂತಿದೆ. ಮುಂದಿನ ಚಕ್ರಕ್ಕೆ ನೆಲದ ಮೇಲೆ ಹಿಡಿತ ಇಲ್ದಿದ್ರೆ ಸ್ಟೀರಿಂಗ್ ನಿನ್ನ ಮಾತು ಕೇಳುತ್ತಾ?"

"ಕ್ಯಾಂಪರ್ ಹಗುರ ಅಂತ ಅದರ ಪುಸ್ತಕದಲ್ಲೇ ಬರೆದಿದಾರಲ್ಲ," ಅಂದಳು ಬರ್ನಡೀನ್.

"ಅದು ಖಾಲಿ ಗಾಡಿ ತೂಕ. ನೀನೇನು ಖಾಲಿ ಹೊರಟಿದೀಯಾ? ನೀರು, ಗ್ಯಾಸು, ನಿಮ್ಮಜ್ಜಿ ಕಾಲದ ಬೀಡುಕಬ್ಬಿಣದ ಬಾಣಲೆ, ಎಲ್ಲ ಒಳಗಿದೆ! ಭಾರ ಹಂಚೋ ಹಿಚ್ಚು ಹಾಕ್ಸಿ. ಅದರ ಎರಡು ಸ್ಪ್ರಿಂಗ್ ಸಲಾಕೆ ಹಿಚ್ಚಿನ ಮೇಲೆ ಕೂರೋ ಟ್ರೇಲರ್ ಮೂತಿಯ ಭಾರನ ಪಿಕಪ್ಪಿನ ಮುಂದಿನ ಚಕ್ರಕ್ಕೂ ಟ್ರೇಲರ್ ಚಕ್ರಕ್ಕೂ ಹಂಚುತ್ತೆ. ತೊನೆದಾಟ ತಡೆಯೋ ವ್ಯವಸ್ಥೆ ಇರೋದನ್ನೇ ನೋಡಿ ತಗೊಳ್ಳಿ."

"ಆಯ್ತು, ಇರೋದ್ರಲ್ಲಿ ದೊಡ್ಡದನ್ನೇ ತಂದ್ಬಿಡ್ತೀನಿ. ಬಾಯಿ ಮುಚ್ತೀಯಾ?"

"ದೊಡ್ಡದು ತಂದ್ರೆ ಸಲಾಕೆ ಬಗ್ಗಲ್ಲ, ಗಾಡಿ ಚೌಕಟ್ಟನ್ನೇ ಹಿಂಡುತ್ತೆ. ಚಿಕ್ಕದು ತಂದ್ರೆ ಇದ್ದೂ ಇಲ್ಲದ ಹಾಗೆ. ಎಲ್ಲ ತುಂಬಿಸಿ ಮೂತಿ ತೂಗ್ಸು. ಆ ತೂಕಕ್ಕೆ ಹೊಂದೋದನ್ನ ತಗೋ."

ಹಾಲ್ವರ್‌ಗೆ ರೇಗಿತು. "ಹಾಗಾದ್ರೆ ಅಣ್ಣನ್ನ ಈ ಹಿಚ್ಚೇ ಕೊಂದಿದ್ದು ಅಂತೀಯಾ?"

"ಹಿಚ್ಚೊಂದೇ ಅಲ್ಲ. ಅವತ್ತು ಮಾಂಸದ ಪೆಟ್ಟಿಗೆಗಳನ್ನೆಲ್ಲ ಕ್ಯಾಂಪರಿನ ಹಿಂದ್ಗಡೆ ಹೇರಿದ್ರು. ಮೂತಿ ಹಗುರಾಯ್ತು, ಬಾಲ ಬೀಸ್ತು. ಹಾಗೆ ಹೇರಿದ್ರೆ ಯಾವ ಹಿಚ್ಚೂ ಕಾಯಲ್ಲ."

ಹಾಲ್ವರ್ ಹಿಚ್ಚಿನ ಗುಂಡಿನ ಮೇಲೆ ಕೈಯಿಟ್ಟ. ಆಮೇಲೆ ಮೆಲ್ಲಗೆ, "ಆ ಪೆಟ್ಟಿಗೆ ಹೇರಿದ್ದು ನಾನು," ಅಂದ.

"ಗೊತ್ತು," ಅಂದಳು ಕಾರ್ಲಿಸ್.

ಚಳಿಗಾಲವೆಲ್ಲ ಅವಳು ಅದನ್ನು ನುಂಗಿಕೊಂಡೇ ಇದ್ದಳು. ನಾವು ನೆರೆಹೊರೆಯವರು ಗಾಳಿಯನ್ನು ಬೈಯುತ್ತ ಅವಳ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಬರುತ್ತಿದ್ದೆವು. ನೆನೆದರೆ ನಮ್ಮ ಮೇಲೆ ನನಗೇ ಹೇಸಿಗೆಯಾಗುತ್ತದೆ. ಬರ್ನಡೀನ್ ಹೋಗಿ ಹಿಚ್ಚನ್ನು ಪಿಕಪ್ಪಿಗೆ ಹಿಡಿದಿಟ್ಟಿದ್ದ ಪಿನ್ನು ಎಳೆದಳು. ಪ್ರವಾಸ ಅವತ್ತಿಗೆ ನಿಂತಿತು.

ಮುಂದಿನ ತಿಂಗಳು ಅವರು ಸರಿಯಾದ ಹಿಚ್ಚು ಹಾಕಿಸಿಕೊಂಡು ಹೊರಟರು. ಕಾರ್ಲಿಸ್ ಬೀಳ್ಕೊಡಲು ಬರಲಿಲ್ಲ. "ಕ್ಷೇಮವಾಗಿ ಹೋಗಿ ಬರ್ಲಿ. ಆದ್ರೆ ಅವನ ಮುಖ ನೋಡೋಕೆ ನನಗಿನ್ನೂ ಆಗಲ್ಲ," ಅಂದಳು ನನ್ನ ಹತ್ತಿರ. ಹೇಗೆ ತಾನೇ ಆದೀತು?

ಕ್ಯಾಂಪರ್ ಎಳೆಯುವವರೇ, ಪ್ರವಾಸಕ್ಕೆ ಒಯ್ಯುವುದನ್ನೆಲ್ಲ ತುಂಬಿಸಿದ ಮೇಲೆ ಗಾಡಿ ತೂಗಿಸಿ. ಕ್ಯಾಂಪರಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು, ಮೂತಿಯ ಮೇಲಿರಬೇಕು. ಭಾರವಾದ ಸಾಮಾನನ್ನು ಹಿಂದಕ್ಕೆ ತಳ್ಳಬೇಡಿ. ಭಾರ ಹಂಚುವ ಹಿಚ್ಚು ನಿಮ್ಮ ಪಿಕಪ್ಪಿಗೂ ಕ್ಯಾಂಪರಿಗೂ ಆಗುತ್ತದೆಯೇ ಎಂದು ಎರಡರ ಕೈಪಿಡಿಯಲ್ಲೂ ನೋಡಿ. ಹಾಕಿಸಿದ ಮೇಲೆ, ಕ್ಯಾಂಪರ್ ಕಟ್ಟಿದಾಗ ಮೇಲೇಳುತ್ತಿದ್ದ ಪಿಕಪ್ಪಿನ ಮುಂಭಾಗ ಮತ್ತೆ ಕೆಳಗಿಳಿಯಿತೇ ಎಂದು ಅಳೆದು ನೋಡಿ. ಇದೆಲ್ಲ ಒಂದು ಬೆಳಗಿನ ಕೆಲಸ. ವೆಂಡೆಲ್‌ಗಾಗಿ ಆ ಒಂದು ಬೆಳಗ್ಗೆ ನಮ್ಮಲ್ಲಿ ಯಾರೂ ಬಿಡುವು ಮಾಡಿಕೊಳ್ಳಲಿಲ್ಲ. ನೀವು ಮಾಡಿಕೊಳ್ಳಿ.