ಆರನೇ ಫಾರಂ

ಅವನಿಗೆ ಗೋಂದಣ್ಣ ಅಂತ ಹೆಸರಿಟ್ಟಿದ್ದು ಪ್ರೆಸ್ಸಿನವರು. ಮೂವತ್ತೊಂದು ವರ್ಷ ಪುಸ್ತಕ ಬೈಂಡ್ ಮಾಡಿ ಮಾಡಿ ಉಗುರಿನ ಸಂದಿಗೆ ಸೇರಿಕೊಂಡ ಗೋಂದು, ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಪ್ರೆಸ್ಸಿನಿಂದ ಫಾರಂಗಳು ಬರುತ್ತಿದ್ದವು, ಅಂದರೆ ಹದಿನಾರು ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಗಳು. ಹೆಂಡತಿ ಅವನ್ನು ಮಡಚಿ, ಒಂದು, ಎರಡು, ಮೂರು ಅಂತ ಕ್ರಮವಾಗಿ ಜೋಡಿಸಿ ಮೇಜಿನ ಆಚೆಯಿಂದ ಈಚೆಗೆ ತಳ್ಳುವಳು. ಗೋಂದಣ್ಣ ಹೊಲಿದು, ಅಂಟಿಸಿ, ರಟ್ಟು ಹಾಕುವನು. ಅವಳು ಜೋಡಿಸಿದ್ದನ್ನು ಅವನು ಒಂದು ದಿನವೂ ತಿರುವಿ ನೋಡಿದವನಲ್ಲ.

ಮತ್ತೆ, ನಗಬೇಡಿ, ಅಷ್ಟು ವರ್ಷದಲ್ಲಿ ಅವನು ಒಂದು ಪುಸ್ತಕವನ್ನೂ ಓದಿರಲಿಲ್ಲ. ಬೈಂಡ್ ಮಾಡಿದ ಪ್ರತಿಯೊಂದರಲ್ಲೂ ಒಂದು ಪ್ರತಿ ಎತ್ತಿಟ್ಟುಕೊಳ್ಳುತ್ತಿದ್ದ. ಪುರುಸೊತ್ತಾದಾಗ ಓದೋಣ ಅಂತ. ಪುರುಸೊತ್ತು ಅನ್ನೋದು ಆ ಮನೆಯ ಕಡೆ ತಲೆ ಹಾಕಿ ಮಲಗಿರಲಿಲ್ಲ. ಕೊನೆಗೆ ಟೈಫಾಯಿಡ್ ಬಂತು. ಡಾಕ್ಟರು, "ಮೂರು ವಾರ ಮಂಚ ಬಿಟ್ಟು ಇಳಿದ್ರೆ ನೋಡಿ," ಅಂತ ಗದರಿಸಿ ಹೋದರು. ಜ್ವರ ಸ್ವಲ್ಪ ಇಳಿದ ಮೇಲೆ ಗೋಂದಣ್ಣ ಕಪಾಟಿನಿಂದ ತೀರಾ ಈಚಿನದೊಂದು ಕಾದಂಬರಿ ತರಿಸಿಕೊಂಡು, ದಿಂಬಿಗೆ ಒರಗಿ, ಮದುವೆಮನೆಯಲ್ಲಿ ಊಟಕ್ಕೆ ಕೂತವನ ಗತ್ತಿನಲ್ಲಿ ಮೊದಲ ಪುಟ ತೆರೆದ.

ಕಥೆ ಚೆನ್ನಾಗಿತ್ತು. ಹೇಳುತ್ತಿದ್ದವನು ಒಬ್ಬ ತಮ್ಮ. ಅವನನ್ನು ಸಾಕಿದ್ದು ಅಕ್ಕ. ಬಾಯಿ ಜೋರಿನ ಹೆಂಗಸು, ಕರುಳು ಮಾತ್ರ ಬೆಣ್ಣೆ. ಅಕ್ಕನಿಗೆ ಕಾಯಿಲೆಯಾಯಿತು. ಎಂಬತ್ತನೇ ಪುಟದಲ್ಲಿ ತಮ್ಮ ಅವಳ ಹಣೆ ಮುಟ್ಟಿ ನೋಡಿದ. ತಣ್ಣಗಿತ್ತು. ಗೋಂದಣ್ಣ ಮೂಗು ಒರೆಸಿಕೊಂಡು ಎದುರಿನ ಪುಟಕ್ಕೆ ಕಣ್ಣು ಹೊರಳಿಸಿದ.

ಎಂಬತ್ತೊಂದನೇ ಪುಟದಲ್ಲಿ ಅಕ್ಕ ಕಿಟಕಿಯ ಹತ್ತಿರ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

ಅಯ್ಯೋ, ನಿದ್ದೆಗಣ್ಣು ಅಂದುಕೊಂಡ ಗೋಂದಣ್ಣ. ಮತ್ತೆ ಎಂಬತ್ತು ಓದಿದ. ಸತ್ತಿದ್ದಳು. ಎಂಬತ್ತೊಂದು. ಬದುಕಿದ್ದಳು, ತಮ್ಮನಿಗೆ "ಎಲ್ಲಿ ಹಾಳಾಗಿ ಹೋಗಿದ್ಯೋ?" ಅಂತ ಬೈಯುತ್ತಲೂ ಇದ್ದಳು. ಅದೇ ಅಕ್ಷರ, ಅದೇ ಧಾಟಿ, ಅದೇ ಬಾಯಿ. ಪುಟದ ಸಂಖ್ಯೆ ಒಂದೊಂದಾಗಿ ಎಣಿಸಿದ, ಒಂದೂ ತಪ್ಪಿರಲಿಲ್ಲ. ತೊಂಬತ್ತಾರರವರೆಗೆ ಅಕ್ಕ ಮನೆ ತುಂಬ ಓಡಾಡಿದಳು. ತೊಂಬತ್ತೇಳರಲ್ಲಿ ಅವಳ ಬಟ್ಟೆಗಳನ್ನು ಯಾರಿಗೆ ಕೊಡುವುದು ಅಂತ ನೆಂಟರು ಕಿತ್ತಾಡುತ್ತಿದ್ದರು.

ಗೋಂದಣ್ಣ ಪುಸ್ತಕ ಮುಚ್ಚಿಟ್ಟ. ದಿಂಬಿನ ಕೆಳಗೆ ತಳ್ಳಿದ.

ಅವನ ಹೆದರಿಕೆಗೆ ಕಾರಣವಿತ್ತು. ಅವನ ಅಪ್ಪನಿಗೆ ಐವತ್ತೆಂಟಕ್ಕೆ ತಲೆ ಕೆಟ್ಟಿತ್ತು. ಶುರುವಾಗಿದ್ದು ಹೀಗೇ: ಸತ್ತು ನಾಲ್ಕು ವರ್ಷವಾಗಿದ್ದ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೀತಿದಾಳೆ ಅನ್ನುತ್ತಿದ್ದರು. ಆಮೇಲೆ ಮಗನನ್ನೇ "ತಾವು ಯಾರು ಗೊತ್ತಾಗಲಿಲ್ಲ" ಅಂದರು, ಬಹಳ ಮರ್ಯಾದೆಯಿಂದ. ಈಗ ಗೋಂದಣ್ಣನಿಗೆ ಐವತ್ತೆಂಟು.

ಎಂಟು ದಿನ ಅವನು ಬಾಯಿ ಬಿಡಲಿಲ್ಲ. ಡಾಕ್ಟರಿಗೆ ಹೇಳಿದರೆ ಹುಚ್ಚು ಅಂತ ಚೀಟಿ ಬರೆದುಬಿಡುತ್ತಾರೆ. ಹೆಂಡತಿಗೆ ಹೇಳಿದರೆ ಅವಳು ಅಪ್ಪನಿಗೆ ಮಾಡಿದ ಚಾಕರಿಯೆಲ್ಲ ನೆನಪಿಸಿಕೊಂಡು ಕುಸಿದು ಹೋಗುತ್ತಾಳೆ. ಮಂಚದಲ್ಲೇ ತನಗೆ ತಾನೇ ಪರೀಕ್ಷೆ ಇಟ್ಟುಕೊಂಡ. ನೂರರಿಂದ ಹಿಂದಕ್ಕೆ ಏಳೇಳು ಕಳೆಯುತ್ತ ಬಂದ. ಐವತ್ತೊಂದಕ್ಕೆ ಬಂದು ಸಿಕ್ಕಿಕೊಂಡ, ಆದರೆ ಅವನು ಸ್ಕೂಲಿನಲ್ಲೂ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದ. ಕನ್ನಡಕ ಎಲ್ಲಿಟ್ಟೆ ಅಂತ ಅರ್ಧ ಗಂಟೆ ತಡಕಾಡಿ, ಅದು ಹಣೆಯ ಮೇಲೇ ಸಿಕ್ಕಿದಾಗ ಮುಗೀತು ಕಥೆ ಅಂದುಕೊಂಡ. ದಿನಕ್ಕೆರಡು ಸಲ ಎಂಬತ್ತೊಂದನೇ ಪುಟ ತೆರೆಯುತ್ತಿದ್ದ. ಅಕ್ಕ ದಿನಕ್ಕೆರಡು ಸಲ ತಲೆ ಬಾಚಿಕೊಂಡಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾದರೆ ಸಾಕು, "ಯಾರೇ ಅಲ್ಲಿ?" ಅಂತ ಕೂಗುತ್ತಿದ್ದ.

"ಇನ್ನಾರು ಇರ್ತಾರೆ? ನಾನೇ!" ಅನ್ನುತ್ತಿದ್ದಳು ಹೆಂಡತಿ. "ಏನಾಗಿದೆ ನಿಮಗೆ?"

ಒಮ್ಮೆ ಉಪಾಯವಾಗಿ, "ನನಗೆ ತಲೆ ಸುತ್ತತ್ತೆ, ಇದನ್ನ ಸ್ವಲ್ಪ ಓದಿ ಹೇಳೇ," ಅಂದ. ಅವಳು ಓದಿದರೆ ಅಕ್ಕ ಇದ್ದಾಳೋ ಇಲ್ಲವೋ ಇತ್ಯರ್ಥವಾಗುತ್ತಿತ್ತು. ಅವಳು ಒಲೆ ಮೇಲೆ ಹಾಲಿದೆ ಅಂತ ಹೋದಳು. ಮಾರನೆಯ ದಿನ ಕೇಳಿದಾಗಲೂ ಒಲೆ ಮೇಲೆ ಹಾಲಿತ್ತು.

ಒಂಬತ್ತನೇ ದಿನ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಗಂಜಿ ತಂದಿಟ್ಟ ಹೆಂಡತಿಯ ಕೈ ಹಿಡಿದು ಮಂಚದ ಮೇಲೆ ಕೂರಿಸಿದ. "ನಾನು ಓದ್ತೀನಿ, ನೀನು ಸುಮ್ನೆ ಕೇಳು."

"ಕೆಲಸ ಬಿದ್ದಿದೆ ರೀ."

"ಬಿದ್ದಿರ್ಲಿ, ಅದೇನು ಎದ್ದು ಹೋಗಲ್ಲ."

ಓದುತ್ತ ಹೋದಂತೆ ಅವಳು ಗಲ್ಲಕ್ಕೆ ಕೈಕೊಟ್ಟು ಕೂತುಬಿಟ್ಟಳು. ಅಕ್ಕನ ಬೈಗುಳಕ್ಕೆ ನಕ್ಕಳು, ಕಾಯಿಲೆ ಬಂದಾಗ "ಥೂ, ಒಳ್ಳೆಯವರಿಗೇ ಹೀಗೆ" ಅಂದಳು. ಗಂಜಿ ಆರಿ ತಣ್ಣಗಾಯಿತು. ಎಂಬತ್ತನೇ ಪುಟದಲ್ಲಿ ಕಣ್ಣೊರೆಸಿಕೊಂಡಳು. ಗೋಂದಣ್ಣ ಎದುರಿನ ಪುಟಕ್ಕೆ ಹೋಗಿ, ಅಕ್ಕ ತಲೆ ಬಾಚುವುದನ್ನು ಓದಿದ. ನಾಲ್ಕು ಸಾಲು, ಐದು ಸಾಲು. ಹೆಂಡತಿ ಗಲ್ಲದಿಂದ ಕೈ ತೆಗೆದಳು.

"ರೀ, ನಿಲ್ಲಿಸಿ," ಅಂದಳು. "ಅವಳು ಸತ್ತಳಲ್ಲ?"

"ಏನಂದೆ?"

"ಅಕ್ಕ ಸತ್ತಳಲ್ರೀ ಈಗ! ಮತ್ತೆ ತಲೆ ಬಾಚೋದು ಹೇಗೆ?"

ಗೋಂದಣ್ಣ ಪುಸ್ತಕ ಎದೆಗೊತ್ತಿಕೊಂಡು ಗಳಗಳ ಅತ್ತುಬಿಟ್ಟ. ಹೆಂಡತಿ ಗಾಬರಿಬಿದ್ದು ಬೆನ್ನು ಸವರಿದಳು. "ನನ್ನ ತಲೆ ಸರಿಯಿದೆ ಕಣೇ!" ಅಂದ ಅವನು, ಅಳುತ್ತಲೇ ನಗುತ್ತ. ಅಪ್ಪ, ಎಂಬತ್ತೊಂದನೇ ಪುಟ, ಏಳೇಳು ಕಳೆದಿದ್ದು, ಎಂಟು ದಿನದ್ದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದ.

ಹೆದರಿಕೆ ಇಳಿದ ಕೂಡಲೇ ಒಳಗಿನ ಬೈಂಡರು ಎದ್ದು ಕೂತ. ಪ್ರತಿ ಫಾರಂನ ಮೊದಲ ಪುಟದ ಬುಡದಲ್ಲಿ ಸಾಸಿವೆ ಗಾತ್ರದ ಒಂದು ಗುರುತು ಅಚ್ಚಾಗಿರುತ್ತದೆ: ಪುಸ್ತಕಕ್ಕೊಂದು ಅಕ್ಷರ, ಪಕ್ಕದಲ್ಲಿ ಫಾರಂ ಸಂಖ್ಯೆ. ಓದುವವರು ಯಾರೂ ಅದನ್ನು ನೋಡುವುದಿಲ್ಲ, ಎಂಟು ದಿನ ಅವನೂ ಓದುವವನೇ ಆಗಿದ್ದನಲ್ಲ. ಐದನೇ ಫಾರಂನಲ್ಲಿ 'ಕ' ಇತ್ತು. ಆರರಲ್ಲಿ 'ಗ'. ಏಳರಲ್ಲಿ ಮತ್ತೆ 'ಕ'. ಆಗ ನೆನಪಾಯಿತು, ಆ ಲೇಖಕರ ಎರಡು ಕಾದಂಬರಿ ಒಟ್ಟಿಗೇ ಬಂದಿದ್ದವು. ಎರಡೂ ಐನೂರೈನೂರು ಪ್ರತಿ, ಎರಡರಲ್ಲೂ ಒಬ್ಬ ತಮ್ಮ, ಒಬ್ಬ ಅಕ್ಕ ಇರಬೇಕು.

"ಆ ಪುಸ್ತಕದ ಆರನೇ ಫಾರಂ ಇದಕ್ಕೆ, ಇದರದ್ದು ಅದಕ್ಕೆ! ರಾಶಿಗೆ ರಾಶಿಯೇ ಅದಲುಬದಲು!" ಅಂತ ಗೋಂದಣ್ಣ ತೊಡೆ ತಟ್ಟಿ ನಕ್ಕ. "ಯಾವ ಕತ್ತೆ ಜೋಡಿಸಿದ್ದೇ ಇದನ್ನ?"

ಅಂದವನೇ ಹೆಂಡತಿಯ ಕಡೆ ನೋಡಿದ. ಆ ಮನೆಯಲ್ಲಿ ಇದ್ದವರೇ ಇಬ್ಬರು.

ಹೆಂಡತಿ ಗಂಜಿಯ ಬಟ್ಟಲು ನೋಡುತ್ತಿದ್ದಳು. ಅವನು ಪುಟದ ಬುಡಕ್ಕೆ ಬೆರಳಿಟ್ಟು ಪುಸ್ತಕ ಅವಳ ಮುಂದೆ ಹಿಡಿದ. "ಇಲ್ಲಿ ಯಾವ ಅಕ್ಷರ ಇದೆ, ಹೇಳು."

"ಬೆಳಕು ಸಾಲದು."

ಕಿಟಕಿಯಿಂದ ಬಿಸಿಲು ಅವಳ ಮಡಿಲಿಗೇ ಬೀಳುತ್ತಿತ್ತು.

"ಎಷ್ಟು ದಿನದಿಂದ?" ಅಂದ.

"ಒಂದು ವರ್ಷ ಆಯ್ತು. ಮಂಜು ಮುಸುಕಿದ ಹಾಗೆ. ದೊಡ್ಡದೆಲ್ಲ ಕಾಣತ್ತೆ." ಅವಳು ಬೆರಳು ಬೆರಳು ಉಜ್ಜಿಕೊಂಡಳು. "ಪ್ರತಿ ಪುಸ್ತಕಕ್ಕೂ ಕಾಗದ ಬೇರೆ ಇರತ್ತಲ್ಲ, ಮುಟ್ಟಿದ್ರೆ ಗೊತ್ತಾಗ್ತಿತ್ತು. ರಾಶಿ ಬಂದ ಸಾಲು ನೆನಪಿಟ್ಕೋತಿದ್ದೆ. ಇವೆರಡಕ್ಕೂ ಒಂದೇ ಕಾಗದ ಹಾಕಿದ್ರು."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಹೇಳಿದ್ರಾ ಎಂಟು ದಿನ?" ಅಂದವಳ ದನಿ ಸಣ್ಣಗಾಯಿತು. "ಹೇಳಿದ್ರೆ ಬೇರೆ ಯಾರನ್ನೋ ತಂದು ಕೂರಿಸ್ತಿದ್ರಿ. ಆ ಮೇಜಿನ ಎದುರು ಮೂವತ್ತು ವರ್ಷದಿಂದ ನಾನೇ ಕೂತಿರೋದು. ಆಮೇಲೆ ನಾನು ಎಲ್ಲಿ ಕೂರ್ಲಿ?"

ಗೋಂದಣ್ಣ ಪುಸ್ತಕದ ಬೆನ್ನು ಸವರಿದ. "ಎರಡೂ ಸೇರಿ ಸಾವಿರ ಮನೇಲಿ ಈ ಪುಸ್ತಕ ಇದೆ," ಅಂದ. "ಒಬ್ಬನೂ ಕಮಕ್ ಕಿಮಕ್ ಅಂದಿಲ್ಲ. ಎಷ್ಟು ಜನ ತಮ್ಮ ತಲೇನೇ ಕೆಟ್ಟಿದೆ ಅಂದ್ಕೊಂಡು ಸುಮ್ಮನಿದಾರೋ, ಪಾಪ." ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು.

ಆದರೆ ಹೇಳದೆ ಇರುವ ಹಾಗಿರಲಿಲ್ಲ. ಅವನು ಪ್ರೆಸ್ಸಿನ ಯಜಮಾನರಿಗೆ ಫೋನು ಹಚ್ಚಿ ವಿಷಯ ತಿಳಿಸಿದ. ಆ ಕಡೆ ಸಿಡಿಮಿಡಿ ಶುರುವಾಯಿತು. ಹೆಂಡತಿಗೂ ಕೇಳುವಷ್ಟು ಜೋರು. "ಯಾರ್ರೀ ಜೋಡಿಸಿದ್ದು?" ಅಂದರು ಯಜಮಾನರು.

ಹೆಂಡತಿ ಫೋನಿಗೆ ಕೈ ಚಾಚಿದಳು. ಗೋಂದಣ್ಣ ಆ ಕೈಯನ್ನು ತನ್ನ ಕೈಯೊಳಗೆ ಹಿಡಿದಿಟ್ಟುಕೊಂಡ.

"ನಾನೇ ಸಾರ್," ಅಂದ. "ತಲೆ ಸರಿಯಿರಲಿಲ್ಲ."

ಯಜಮಾನರ ದನಿ ಮೆತ್ತಗಾಯಿತು. "ನಿಮ್ಮ ತಂದೆಯವರಿಗೂ ಇದೇ ವಯಸ್ಸಿಗೆ ಅಲ್ವಾ..."

"ಹೌದು ಸಾರ್," ಅಂದ ಗೋಂದಣ್ಣ. "ಇದೇ ವಯಸ್ಸಿಗೆ."

ಫೋನು ಕೆಳಗಿಟ್ಟ. ಹೆಂಡತಿ ಅವನ ಕೈ ಬಿಟ್ಟಿರಲಿಲ್ಲ.

"ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗಿ ಬಾ," ಅಂದ. "ಅಲ್ಲೀವರೆಗೂ ಮಡಚೋದು ನಿಂದು, ಜೋಡಿಸೋದು ನಂದು. ಕೂರೋ ಜಾಗ ಅದೇ."

ಅವಳು ತಲೆಯಾಡಿಸಿದಳು. ಗಂಜಿ ಬಿಸಿ ಮಾಡಿಕೊಂಡು ಬರುತ್ತೇನೆ ಅಂತ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ಸದ್ದಾಯಿತು.

"ಯಾರೇ ಅಲ್ಲಿ?" ಅಂದ ಗೋಂದಣ್ಣ.

"ನಾನೇ ರೀ," ಅಂದಳು ಅವಳು. "ಇಲ್ಲೇ ಇದೀನಿ."