ಗಂಗವ್ವನ ಸೆರಗು

"ಕಾಕಾ, ಕುರಿ ಬಿಡೋದು ಆಮ್ಯಾಲ ಬಿಡ್ರಿ. ಅಪ್ಪಾ ಊಟ ಬಿಟ್ಟಾನರಿ."

ಧೊಂಡಿಬಾ ಹಟ್ಟಿಯ ಬಾಯಿಗೆ ಅಡ್ಡವಿಟ್ಟಿದ್ದ ಮುಳ್ಳುಕಂಟಿಯನ್ನು ಎತ್ತಿ ಹಿಡಿದು ನಿಂತಿದ್ದ. ಬಿಸಿಲು ಆಗಷ್ಟೇ ಏರುತ್ತಿತ್ತು. ಕುರಿಗಳು ಒಂದರ ಬೆನ್ನಿಗೊಂದು ಅವನ ಮೊಣಕಾಲಿಗೆ ಮೈ ಉಜ್ಜಿಕೊಂಡು ಹೊರಗೆ ಬರುತ್ತಿದ್ದವು. ತಲೆ ಎತ್ತಿ ನೋಡಿದರೆ ಗೆಳೆಯ ಗೋರಖನಾಥನ ಮಗಳು ಸಪನಾ. ಬೀದರದಲ್ಲಿ ನರ್ಸ್ ಕೆಲಸದಲ್ಲಿದ್ದವಳು, ತಾಯಿ ತೀರಿಕೊಂಡ ಮೇಲೆ ರಜೆ ಸಿಕ್ಕಾಗಲೆಲ್ಲ ಬಸ್ಸು ಹಿಡಿದು ಊರಿಗೆ ಬರುತ್ತಿದ್ದಳು. ಹವಾಯಿ ಚಪ್ಪಲಿಗೆ ಹೊಲದ ಮಣ್ಣು ಮೆತ್ತಿತ್ತು. ಅವಸರದಲ್ಲಿ ಅಡ್ಡಹಾದಿಯಿಂದ ಬಂದಿದ್ದಳು.

"ಬರೇ ಚಹಾದ ಮ್ಯಾಲ ಅದಾನರಿ. ರೊಟ್ಟಿ ಮುಂದಿಟ್ರ ತಾಟು ಸರಸ್ತಾನ. ಬೀದರಕ್ಕ ನಡಿ ಅಂದ್ರ ಒಲ್ಲೆ ಅಂತಾನ. ಯಾಕ ಅಂತ ನಿನ್ನಿ ಹಟ ಹಿಡದು ಕೇಳಿದೆ." ಸಪನಾ ಹೊಳೆಯ ಕಡೆಗೊಮ್ಮೆ ನೋಡಿದಳು. "'ನಿಮ್ಮವ್ವನ್ನ ನಾನೇ ಕೊಂದೀನಿ' ಅಂದಾನರಿ. ಬ್ಯಾಸಗ್ಯಾಗ ತೊಗರಿ ಕೂಳಿ ಸುಟ್ಟಾಗ ಕಿಡಿ ಹಾರಿ ಗಂಗವ್ವನ ಸೆರಗು ಸುಟ್ಟಿತಂತ. ಸೆರಗು ಇದ್ದಿದ್ರ ದಂಡಿ ಕುಸೀತಿದ್ದಿಲ್ಲಂತ. ನೀವರೆ ಜರಾ ಹೇಳ್ರಿ ಕಾಕಾ. ನಿಮ್ಮ ಮಾತಂದ್ರ ಕೇಳ್ತಾನ."

ಧೊಂಡಿಬಾನ ಕೈಯಲ್ಲಿದ್ದ ಕಂಟಿ ಕೆಳಗೆ ಬಿತ್ತು. ಒಳಗಿದ್ದ ಕುರಿಗಳು ಒಳಗೇ ಉಳಿದವು.

"ನೀ ನಡೀ ನನ್ನವ್ವ," ಅಂದ. "ಹಿಂದಿಂದ ಬರ್ತೇನಿ."

ಆ ಊರು ಮಾಂಜ್ರಾ ನದಿಯ ದಡದಲ್ಲಿದೆ. ಈ ದಡ ಔರಾದ ತಾಲೂಕಿಗೆ ಸೇರಿದರೆ ಎದುರಿನ ದಡ ಭಾಲ್ಕಿಗೆ. ನೀರಿಗೂ ಹೊಲಗಳಿಗೂ ನಡುವೆ ಎರಡೂ ಕಡೆ ಲಕ್ಕಿ, ಕರಂಜಿ, ಜಾಲಿ, ಜಂಬುಹುಲ್ಲುಗಳು ಒಂದರ ಬೇರನ್ನೊಂದು ಹೆಣೆದುಕೊಂಡು ದಟ್ಟವಾಗಿ ಬೆಳೆದಿದ್ದವು. ಹಿರಿಯರು ಅದನ್ನು ಗಂಗವ್ವನ ಸೆರಗು ಎಂದು ಕರೆದರು. ಅಲ್ಲಿಗೆ ಕೊಡಲಿ ಒಯ್ಯುವಂತಿರಲಿಲ್ಲ. ಒಣಗಿ ಬಿದ್ದ ಕಟ್ಟಿಗೆ ಕೂಡ ಒಲೆಗೆ ಬರುತ್ತಿರಲಿಲ್ಲ. ಯಾರೂ ಇಲ್ಲದವರು ಸತ್ತರೆ ಚಿತೆಗೆ ಮಾತ್ರ ಅದನ್ನು ಆಯ್ದು ತರುತ್ತಿದ್ದರು. ಕೂಸು ತಾಯಿಯ ಸೆರಗಿನ ಮರೆಯಲ್ಲಿ ನಿಂತ ಹಾಗೆ ನಮ್ಮ ಹೊಲಗಳು ನಿಂತಿವೆ ಎಂದು ಧೊಂಡಿಬಾನ ತಂದೆ ಹೇಳುತ್ತಿದ್ದ.

ಈಗಿನವರಿಗೆ ಅದು ಬೇರೆಯಾಗಿ ಕಾಣುತ್ತಿತ್ತು. ಠಾಣಾ ಕುಶನೂರದ ಬಸ್‌ಸ್ಟ್ಯಾಂಡಿನ ಹತ್ತಿರ ಲಾಲ ಅಹ್ಮದನ ಚಹಾದ ಹೋಟೆಲಿನಲ್ಲಿ ಮಾತು ಬಂದಾಗೆಲ್ಲ ಯಾವನಾದರೊಬ್ಬ, "ಅದೇನ್ ದೇವರ ಸೆರಗೋ? ಹಂದಿ ಮಲಗೋ ಹಾಸಿಗಿ!" ಎಂದು ನಗಿಸುತ್ತಿದ್ದ. ಇನ್ನೊಬ್ಬ, ಸರಕಾರದವರು ಅದನ್ನೆಲ್ಲ ತೆಗೆದು ಕಲ್ಲಿನ ಗೋಡೆ ಕಟ್ಟಿಸಬೇಕು ಎನ್ನುತ್ತಿದ್ದ. ಲಾಲ ಅಹ್ಮದ ಚಹಾದ ಬಸಿಯಿಂದ ಕಣ್ಣೆತ್ತದೆ, "ಕಟ್ತಾರ ಕಟ್ತಾರ. ನನ್ನ ಮರಿಮೊಮ್ಮಗನ ಶಾದಿಗಿ ಬರೋಬ್ಬರಿ ಮುಗೀತದ," ಎನ್ನುತ್ತಿದ್ದ. ಧೊಂಡಿಬಾ ಯಾರ ಪರವಾಗಿಯೂ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮೈಲಾರ ಮಲ್ಲಣ್ಣನ ಭಂಡಾರ ಹಣೆಗೆ ಹಚ್ಚಿಕೊಂಡು, ನದಿಯ ಕಡೆಗೊಂದು ಕೈ ಮುಗಿದು ಕುರಿ ಬಿಡುವುದು ಅವನ ಪದ್ಧತಿ. ಸೆರಗಿಗೆ ಕೈ ಮುಗಿದವನೇ ಅದನ್ನು ಸುಟ್ಟ.

ಬೇಸಿಗೆಯಲ್ಲಿ ಒಣಗಿದ ಕರಡಕ್ಕೆ ಬೆಂಕಿ ಹಚ್ಚುವುದು ಕುರಿಯವರಲ್ಲಿ ಹಿಂದಿನಿಂದ ಬಂದದ್ದು. ಹಳೆಯ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆಯ ಚಿಗುರು ಬರುತ್ತದೆ. ಮರಿಗಳಿಗೆ ಅದೇ ಹಾಲು. ಆದರೆ ಅವನ ತಂದೆ ಸಂಜೆ ಗಾಳಿ ನಿಲ್ಲುವವರೆಗೆ ಕಾಯುತ್ತಿದ್ದ. ಸೆರಗಿನ ಮಗ್ಗುಲಿಗೆ ಅಗಲವಾಗಿ ಹುಲ್ಲು ಕೆತ್ತಿ ಬರಿ ನೆಲ ಮಾಡಿ, ಆಮೇಲೆ ಕಡ್ಡಿ ಗೀರುತ್ತಿದ್ದ. ಹೋದ ಚೈತ್ರದಲ್ಲಿ ಧೊಂಡಿಬಾ ಕಾಯಲಿಲ್ಲ, ಕೆತ್ತಲೂ ಇಲ್ಲ. ಅದಕ್ಕೆ ಹಿಂದಿನ ದಿನವೇ ಸೆರಗಿನೊಳಗಿಂದ ಬಂದ ತೋಳವೊಂದು ಅವನ ಕಣ್ಣೆದುರಿಗೇ ಮರಿಯನ್ನು ಎತ್ತಿಕೊಂಡು ಹೋಗಿತ್ತು. ಹೊಟ್ಟೆಯಲ್ಲಿ ಆ ಸಿಟ್ಟಿತ್ತು. ಬೆಂಕಿ ಗಾಳಿಯ ಬೆನ್ನು ಹತ್ತಿ ಲಕ್ಕಿಗಿಡಗಳ ಕಡೆಗೆ ಹೊರಳಿದಾಗ ಮೊದಲು ಕಂಬಳಿಯಿಂದ ಬಡಿದ. ಕಂಬಳಿಯ ಮೂಲೆ ಹತ್ತಿ ತೂತು ಬಿತ್ತು. ಆಗ ಅವನಿಗೇನು ತಿಳಿಯಿತೋ, "ಸುಡಲಿ, ತೋಳದ ಮನಿ ಸುಡಲಿ," ಎಂದು ಹಿಂದೆ ಸರಿದು ನಿಂತ. ಬಡಿದಿದ್ದರೆ ಆರುತ್ತಿತ್ತೋ ಇಲ್ಲವೋ, ದೇವರಿಗೆ ಗೊತ್ತು. ಅವನು ಬಡಿಯಲಿಲ್ಲ ಎಂಬುದು ಅವನಿಗೆ ಗೊತ್ತು.

ಹೊಗೆ ಕಂಡು ಗೋರಖನಾಥ ಓಡಿ ಬಂದಿದ್ದ. ಭಾಲ್ಕಿ ಡಿಪೋದಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದ ಮೇಲೆ ನದಿಯ ಮಗ್ಗುಲಿನ ಹೊಲದಲ್ಲೇ ಅವನ ಜೀವ. ಅದೇ ಮುಂಜಾನೆ ಅವನೂ ತನ್ನ ಹೊಲದಲ್ಲಿ ತೊಗರಿ ಕೊಯ್ದ ಮೇಲೆ ಉಳಿದ ಕೂಳಿಯನ್ನು ಗುಡ್ಡೆ ಮಾಡಿ ಸುಟ್ಟಿದ್ದ.

"ಇದೇನೋ ಧೊಂಡ್ಯಾ, ಹ್ಯಾಂಗ ಹತ್ತಿತೋ?"

"ನಿನ್ನ ಕೂಳಿ ಕಿಡಿನೇ ಇರಬೇಕು ನೋಡು," ಎಂದ ಧೊಂಡಿಬಾ. ಬಾಯಿಗೆ ಬಂದದ್ದು ಅದು.

ಗೋರಖನಾಥ ಹಣೆ ಹಣೆ ಬಡಿದುಕೊಂಡ. ಆಮೇಲೆ ತಾನೇ ನಕ್ಕು, "ಹೋಗ್ಲಿ ಬಿಡೋ, ಗಂಗವ್ವಗ ಹೊಸ ಸೀರಿ ಉಡಸ್ತೀನಿ. ಮಳಿ ಬಂದ ಮ್ಯಾಲ ಇಬ್ಬರೂ ಕೂಡಿ ಗಿಡ ಹಚ್ಚೋಣು," ಎಂದ. ಧೊಂಡಿಬಾನೂ ನಕ್ಕ. ಆ ನಗು ಈಗ ಅವನನ್ನು ತಿನ್ನುತ್ತಿತ್ತು.

ಗಿಡ ಹಚ್ಚುವುದು ಇಂದಲ್ಲ ನಾಳೆ ಎಂದು ಉಳಿಯಿತು. ಭಾದ್ರಪದದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಮೇಲಿನ ಡ್ಯಾಮಿನಿಂದಲೂ ನೀರು ಬಂತು. ಬೆಳಕು ಹರಿಯುವ ಹೊತ್ತಿಗೆ ಗೋರಖನಾಥನ ಹೆಂಡತಿ ಶಾಲುಬಾಯಿ ಹೊಲದ ಕೊಟ್ಟಿಗೆಯಲ್ಲಿದ್ದ ಎಮ್ಮೆಯ ಕಣ್ಣಿ ಬಿಚ್ಚಲು ಹೋದಳು. ಎಮ್ಮೆ ಈಸಿಕೊಂಡು ಊರು ಸೇರಿತು, ಅವಳು ಬರಲಿಲ್ಲ. ಕೊಟ್ಟಿಗೆಯ ಕೆಳಗಿನ ದಂಡೆ ರೊಟ್ಟಿ ಮುರಿದ ಹಾಗೆ ಮುರಿದು ಬಿದ್ದಿತ್ತು. ನೀರು ಇಳಿದ ಮೇಲೆ ನೋಡಿದರೆ ಎದುರು ದಡದ ಹೊಲಗಳಲ್ಲಿಯೂ ನೀರು ನುಗ್ಗಿತ್ತು. ಆದರೆ ಅಲ್ಲಿ ಸೆರಗು ಇತ್ತು. ನೀರು ಅದರೊಳಗಿಂದ ಸೋಸಿ ಬಂದು ರೇವೆ ಮಣ್ಣು ಹಾಸಿ ಹೋಗಿತ್ತು. ಈ ಕಡೆ ಮಣ್ಣೇ ಇರಲಿಲ್ಲ, ಬರೀ ಮೊರಮು. ಊರವರು ಡ್ಯಾಮಿನವರನ್ನು ಬಯ್ದರು, ಮಳೆಯನ್ನು ಬಯ್ದರು. "ಆ ದಂಡ್ಯಾವರ ಪುಣ್ಯ," ಎಂದು ನಿಟ್ಟುಸಿರು ಬಿಟ್ಟರು. ಧೊಂಡಿಬಾ ಎಲ್ಲದಕ್ಕೂ ಹೌದೆಂದು ತಲೆ ಆಡಿಸಿದ. ಅಂದಿನಿಂದ ಭಂಡಾರದ ಚೀಲಕ್ಕೆ ಕೈ ಹೋದರೆ, ಕೈ ಬರಿದೇ ಹಿಂದಕ್ಕೆ ಬರುತ್ತಿತ್ತು.

ಕುರಿಗಳನ್ನು ಅಣ್ಣನ ಮಗನಿಗೆ ಒಪ್ಪಿಸಿ ಧೊಂಡಿಬಾ ಮನೆಗೆ ಬಂದ. ಹೆಂಡತಿ ಸಖುಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಗೂಟದ ಮೇಲಿನ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡ.

"ಬಿಸಲಾಗ ಕಂಬಳಿ ಯಾಕ್ರಿ?"

"ಗೋರಖನ ಮನಿಗಿ ಹೊಂಟೀನಿ."

ಸಖುಬಾಯಿ ಮೊರದಿಂದ ಕಣ್ಣು ತೆಗೆದು ಕಂಬಳಿಯ ಮೂಲೆಯನ್ನು ನೋಡಿದಳು. ಚೈತ್ರದಲ್ಲಿ ಆ ತೂತಿಗೆ ಕರಿ ಉಣ್ಣೆಯ ತೇಪೆ ಹಾಕಿದವಳು ಅವಳೇ. ಹೊಗೆಯ ವಾಸನೆ ಅವಳಿಗೂ ಬಂದಿತ್ತು. ಅಂದು ಕೇಳಿರಲಿಲ್ಲ. ಶಾಲುಬಾಯಿಯ ಹೆಣ ಸಿಕ್ಕ ದಿನವೂ ಕೇಳಿರಲಿಲ್ಲ. ಗಂಡನಿಗೆ ಬೆನ್ನು ಮಾಡಿ ಮಲಗಿದ್ದಳು.

"ತೂತು ನಾ ಹೊಲದೀನಿ," ಎಂದಳು. "ನೀವು ಬಾಯಿ ಹೊಲಕೊಂಡು ವಾಪಸ ಬರಬ್ಯಾಡ್ರಿ."

ಗೋರಖನಾಥ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕುಳಿತಿದ್ದ. ಹಳೆಯ ಖಾಕಿ ಅಂಗಿ ಮೈಮೇಲೆ ತೂಗುಹಾಕಿದ ಹಾಗಿತ್ತು. ಒಳಗಿನ ಗೋಡೆಯಲ್ಲಿ ಬುದ್ಧನ, ಬಾಬಾಸಾಹೇಬರ ಫೋಟೋಗಳು. ಅವುಗಳ ಕೆಳಗೆ ಹೊಸದಾಗಿ ಕಟ್ಟು ಹಾಕಿಸಿದ ಶಾಲುಬಾಯಿಯ ಫೋಟೋ. ಫೋಟೋದಲ್ಲಿ ಅವಳು ನಗಬೇಕೋ ಬೇಡವೋ ಎನ್ನುವಂತಿದ್ದಳು.

"ಬಾರೋ ಬಿಗರ್ ಟಿಕೀಟ," ಎಂದ ಗೋರಖನಾಥ. ಹಿಂದೊಮ್ಮೆ ಧೊಂಡಿಬಾ ಕಂಬಳಿಯೊಳಗೆ ಕುರಿಮರಿ ಅಡಗಿಸಿಕೊಂಡು, ಅದಕ್ಕೆ ಟಿಕೀಟು ತೆಗೆಸದೆ ಅವನ ಬಸ್ಸು ಹತ್ತಿದ್ದ. ಮರಿ ಒದರಿ, ಬಸ್ಸೆಲ್ಲ ನಕ್ಕು, ಅಂದಿನಿಂದ ಆ ಹೆಸರು ಬಿದ್ದಿತ್ತು. "ಇವತ್ತೇನು ಮುಚ್ಕೊಂಡು ಬಂದೀಯೋ ಕಂಬಳ್ಯಾಗ?"

ಧೊಂಡಿಬಾ ಕಟ್ಟೆ ಹತ್ತಲಿಲ್ಲ. ಕೆಳಗೆ ನೆಲದಲ್ಲಿ ಕುಳಿತ.

"ಮ್ಯಾಲ ಬಾರೋ. ಅಲ್ಲ್ಯಾಕ ಕೂತಿ?"

"ಇಲ್ಲೇ ಛೊಲೋ ಅದ." ಅವನು ಕಂಬಳಿಯನ್ನು ಮೊಣಕಾಲಿನ ಮೇಲೆ ಹರಡಿ ತೇಪೆಯ ಮೇಲೆ ಬೆರಳಿಟ್ಟ. "ಗೋರಖಾ, ನಿನ್ನ ಕೂಳಿ ಕಿಡಿ ಹಾರಿಲ್ಲ. ಅವತ್ತ ಮುಂಜಾನಿ ಗಾಳಿ ಪಡುವಲಿಂದ ಇತ್ತು. ನಿನ್ನ ಹೊಗಿ ಊರ ಕಡಿ ಹೊಂಟಿತ್ತು. ನಿನ್ನ ಬೆಂಕಿ ಆರಿದ ಮ್ಯಾಲೇ ಗಾಳಿ ಹೊಳಿ ಕಡಿ ಹೊಳ್ಳಿತು. ನೀನೇ ನೆನಸ್ಕೋ."

ಗೋರಖನಾಥ ಕಂಬದಿಂದ ಬೆನ್ನು ತೆಗೆದು ನೆಟ್ಟಗೆ ಕುಳಿತ.

"ಕರಡಕ್ಕ ಕಡ್ಡಿ ಕೊರದಾಂವ ನಾನು. ಸೆರಗಿಗಿ ಹತ್ತಿದಾಗ ಬಡದೆ, ಆಮ್ಯಾಲ ಬಿಟ್ಟೆ. ತೋಳದ ಸಿಟ್ಟು. ಕೈಯಾಗ ಕಂಬಳಿ ಇತ್ತು, ನಿಂತು ನೋಡಿದೆ. ನೀ ಬಂದು ಕೇಳಿದಾಗ ನಿನ್ನ ಮ್ಯಾಲ ಹಾಕಿದೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಸಪನಾ ಬಾಗಿಲಿಗೆ ಬಂದು ನಿಂತಿದ್ದಳು. ಗೋರಖನಾಥ ನಿಧಾನವಾಗಿ ಕಟ್ಟೆಯಿಂದ ಇಳಿದು ಬಂದು, ಬಾಗಿ, ತೇಪೆಯನ್ನು ಮುಟ್ಟಿದ. ಎಳೆಗಳ ಮೇಲೆ ಹೆಬ್ಬೆರಳು ಆಡಿಸಿದ, ಟಿಕೀಟಿನ ಅಂಚು ನೋಡುವವನ ಹಾಗೆ.

"ಇವತ್ತ ಯಾಕ ಹೇಳ್ದಿ?"

"ನೀ ಊಟ ಬಿಟ್ಟೀ ಅಂತ ಕೂಸು ಬಂದು ಹೇಳ್ತು."

"ನಾ ಊಟ ಮಾಡಿದ್ರ ಹೇಳ್ತಿದ್ದಿಲ್ಲೇನು?"

ಧೊಂಡಿಬಾ ಕಂಬಳಿಯನ್ನು ಮೊಣಕಾಲಿನಿಂದ ತೆಗೆದು ಮಡಚತೊಡಗಿದ. ಬೇಲಿಯ ಮೇಲೆ ಗುಬ್ಬಿಗಳು ಜಗಳವಾಡುತ್ತಿದ್ದವು.

ಗೋರಖನಾಥ ಹೋಗಿ ಕಟ್ಟೆಯ ಮೇಲೆ ಕುಳಿತ. "ಸಪನಾ, ರೊಟ್ಟಿ ತಾ," ಎಂದ.

ಅವಳು ತಾಟು ತಂದಿಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ. ಗೋರಖನಾಥ ರೊಟ್ಟಿ ಮುರಿದು ತಿನ್ನತೊಡಗಿದ. ನೀರು ಕುಡಿದು ಮತ್ತೆ ತಿಂದ. ಆ ಸೀಮೆಯಲ್ಲಿ ಮನೆಗೆ ವೈರಿ ಬಂದರೂ ತಾಟಿನ ಮುಂದೆ ಕೂತವನು "ಬರ್ರಿ, ಊಟಕ್ಕ" ಎನ್ನದೆ ತುತ್ತು ಎತ್ತುವುದಿಲ್ಲ. ಚಿಕ್ಕಂದಿನಿಂದ ಒಂದೇ ರೊಟ್ಟಿ ಹರಿದು ತಿಂದ ಆ ಇಬ್ಬರಲ್ಲಿ ಒಬ್ಬ ಉಂಡ, ಒಬ್ಬ ನೋಡಿದ. ಸಪನಾ ಎರಡನೆಯ ತಾಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ತಂದೆ ತಲೆ ಎತ್ತಲಿಲ್ಲ. ಅವಳು ತಾಟನ್ನು ಒಳಗೆ ಒಯ್ದಳು.

ತಾಟು ಬರಿದಾಗುವವರೆಗೆ ಕುಳಿತಿದ್ದು ಧೊಂಡಿಬಾ ಎದ್ದ. ಯಾರೂ ಕೂಡು ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಮರುದಿನ ಅವನು ಹೊಳೆ ದಾಟಿ ಭಾಲ್ಕಿ ಕಡೆಯ ಊರಿಗೆ ಹೋದ. ಅಲ್ಲಿಯ ಹಿರಿಯರ ಮುಂದೆ ಲಕ್ಕಿಯ ಟೊಂಗೆಗಳನ್ನು ಬೇಡಿದ. "ನಿಮ್ಮ ಕಡಿ ಇಲ್ಲೇನು? ಯಾಕ ಬೇಕು?" ಎಂದು ಕೇಳಿದವರಿಗೆ, "ನಮ್ಮದು ನಾ ಸುಟ್ಟೀನ್ರಿ," ಎಂದ. ಎರಡನೆಯ ಸಲ ಹೇಳುವುದು ಮೊದಲಿನಷ್ಟೇ ಕಷ್ಟವಾಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೈಯಿಂದ ಮುರಿಯಬಹುದು, ಕಬ್ಬಿಣ ತಾಕಿಸಬಾರದು ಎಂದರು. ಮುರಿದು ಮುರಿದು ಅಂಗೈ ಸುಲಿಯಿತು.

ಸುದ್ದಿ ಅವನಿಗಿಂತ ಮೊದಲೇ ಹೊಳೆ ದಾಟಿ ಬಂದಿತ್ತು. ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸು ಎಂದು ವರ್ಷಾವರ್ಷ ಕರೆಯುತ್ತಿದ್ದವರು ಈ ವರ್ಷ ಕರೆಯಲಿಲ್ಲ. ಹೋಟೆಲಿನಲ್ಲಿ ಲಾಲ ಅಹ್ಮದ ಚಹಾ ಕೊಟ್ಟ, ಮಾತು ಕೊಡಲಿಲ್ಲ. ಧೊಂಡಿಬಾ ಮುರಿದ ದಂಡೆಯ ಉದ್ದಕ್ಕೂ ಟೊಂಗೆ ಊರಿದ; ಅವುಗಳ ಸುತ್ತ ಊರಾಚೆಯ ಮಡ್ಡಿನೆಲದಿಂದ ಜಾಲಿಮುಳ್ಳು ತಂದು ಬೇಲಿ ಹೆಣೆದ. ಹಟ್ಟಿಯ ಬೇಲಿ ಹೆಣೆಯುವುದು ಅವನ ಕೈಗೆ ಹುಟ್ಟಿನಿಂದ ಬಂದ ಕೆಲಸ. ಕುರಿಗಳನ್ನು ಹೊರಗಿಡಲು ಹೆಣೆದದ್ದು ಇದೇ ಮೊದಲು. ಗೋರಖನಾಥ ದೂರದಲ್ಲಿ ಬಂದು ನಿಲ್ಲುತ್ತಿದ್ದ, ನೋಡುತ್ತಿದ್ದ, ಹೋಗುತ್ತಿದ್ದ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಧೊಂಡಿಬಾ ನೀರು ಹಾಕದ ಕೆಲವು ಟೊಂಗೆಗಳ ಬುಡ ಹಸಿಯಾಗಿರುತ್ತಿತ್ತು.

ಹೊಲಕ್ಕೆ ಉಣಿಸುವ ಅಮಾವಾಸ್ಯೆ, ಎಳ್ಳಮಾಸಿ ಬಂತು. ಹೊಲಹೊಲಕ್ಕೂ ಬುತ್ತಿ ಹೊತ್ತ ಜನ ಬಂದರು. ಶಾಲುಬಾಯಿ ಹೊಲದಲ್ಲಿ ದೇವರನ್ನು ಕೂಡಿಸುತ್ತಿರಲಿಲ್ಲ. ಆದರೆ ಮಣ್ಣಿಗೆ ಉಣಿಸದೆ ನಾವು ಉಣ್ಣಬಾರದು ಎಂದು ಭಜ್ಜಿ, ಸಜ್ಜಿರೊಟ್ಟಿ ಮಾಡಿ ಆ ಅಡುಗೆಯನ್ನೇ ಹೊಲದ ತುಂಬ ಚರಗವಾಗಿ ಚೆಲ್ಲಿಸುತ್ತಿದ್ದಳು. ಧೊಂಡಿಬಾನ ಹಟ್ಟಿಗೆ ಮೊದಲ ಬುತ್ತಿ ಅವಳದೇ ಬರುತ್ತಿತ್ತು. ಈ ಸಲ ಸಪನಾ ಮಾಡಿ ತಂದಿದ್ದಳು. ಧೊಂಡಿಬಾ ಮುಳ್ಳುಬೇಲಿಯ ಇತ್ತ ಕುರಿಗಳ ನಡುವೆ ಕೋಲೂರಿ ನಿಂತಿದ್ದ. ಸಖುಬಾಯಿ ತುಸು ದೂರದಲ್ಲಿ ಬುತ್ತಿ ಬಿಚ್ಚದೆ ಕುಳಿತಿದ್ದಳು.

ಬೇಲಿಯ ಅತ್ತ ಗೋರಖನಾಥ ಮೊರಮಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದ. ಬೆಳೆಯಿಲ್ಲದ ಹೊಲಕ್ಕೆ ಚರಗ ಚೆಲ್ಲುತ್ತ, ಲಕ್ಕಿಯ ಒಂದೊಂದು ಟೊಂಗೆಯ ಬುಡಕ್ಕೂ ಬಾಗುತ್ತ ಬಂದ. ಕೆಲವು ಟೊಂಗೆ ಒಣಗಿದ್ದವು. ಕೆಲವಕ್ಕೆ ಇಲಿಕಿವಿಯಂಥ ಎಲೆ ಒಡೆದಿತ್ತು. ಬೇಲಿಯ ಹತ್ತಿರ ಬಂದಾಗ ಅವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಬೀಸಿತು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಒಂದಿಷ್ಟು ಚರಗ ಮುಳ್ಳಿಗೆ ಸಿಕ್ಕಿತು, ಒಂದಿಷ್ಟು ಬೇಲಿ ದಾಟಿ ಇತ್ತ ಬಿತ್ತು. ಗೋರಖನಾಥ ತಿರುಗಿ ನೋಡದೆ ಮುಂದೆ ಹೋದ.

ಈ ಸಲ ಆ ಮನೆಯಿಂದ ಹಟ್ಟಿಯ ಕಡೆಗೆ ಬಂದ ಬುತ್ತಿ ಅಷ್ಟೇ. ಕುರಿಮರಿಯೊಂದು ಕತ್ತು ಚಾಚಿ ಅದಕ್ಕೆ ಬಾಯಿ ಹಾಕಲು ಬಂತು. ಧೊಂಡಿಬಾ ಕೋಲನ್ನು ಅಡ್ಡ ಹಿಡಿದು ಅದನ್ನು ತಡೆದ.